ಹಿನ್ನೆಲೆಯಲ್ಲಿ ಮಾವ

ಫೋಟೊ ತೆಗೆಸಿಕೊಳ್ಳುವ ಮನುಷ್ಯನ ಬೆನ್ನ ಹಿಂದಿರುವ ಲೋಕ ಎಷ್ಟು ಮಸುಕಾಗಿರಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ಯುದ್ಧ, ಬರ, ಬೆಲೆಯೇರಿಕೆ ಬರುತ್ತವೆ, ಹೋಗುತ್ತವೆ. ಈ ಪ್ರಶ್ನೆ ಮಾತ್ರ ಕೂತಲ್ಲೇ ಕೂತಿರುತ್ತದೆ. ಇದರ ದೆಸೆಯಿಂದ ಗೆಳೆತನಗಳು ಮುರಿದಿವೆ, ಕ್ಲಬ್ಬುಗಳು ಒಡೆದು ಎರಡಾಗಿವೆ, ಮತ್ತು ಒಂದು ಮನೆಯಲ್ಲಂತೂ ತೀರಿಕೊಂಡು ವಾರವಾದ ಹಿರಿಯರೊಬ್ಬರಿಗೆ ಮುಖವೇ ಇಲ್ಲದ ಹಾಗಾಗಿದೆ.

ಆ ಮನೆಯ ಅಳಿಯ ಫೋಟೊಗ್ರಾಫರ್. ಅಳಿಯನೆಂದರೆ ಬಂದು ಉಂಡು ಹೋಗುವ ಅಳಿಯನಲ್ಲ, ಮನೆಅಳಿಯ. ಮೇಲೆ ಮಾವನ ಮನೆ, ಕೆಳಗೆ ಬೀದಿಗೆ ತೆರೆದ ಕೋಣೆಯಲ್ಲಿ ಅವನ ಸ್ಟುಡಿಯೊ. ಅವನ ಹೆಸರನ್ನು ಬೀದಿ ಮರೆತು ಬಹಳ ಕಾಲವಾಗಿತ್ತು. ಹಾಲಿನವನಿಂದ ಹಿಡಿದು ಪೋಸ್ಟಿನವನ ತನಕ ಎಲ್ಲರ ಬಾಯಲ್ಲೂ ಅವನು ‘ಅಳಿಯಂದ್ರು’.

ಅಳಿಯನ ಬಳಿ ಒಂದು ಲೆನ್ಸಿತ್ತು. ಎಂಬತ್ತೈದು ಮಿಲಿಮೀಟರಿನ ಪ್ರೈಮ್ ಲೆನ್ಸು. ಉದ್ದ ಗಿಡ್ಡವಾಗುವ ಜೂಮು ಅದಕ್ಕಿಲ್ಲ. ಹತ್ತಿರ ಬೇಕೆಂದರೆ ಫೋಟೊಗ್ರಾಫರನೇ ಕಾಲು ಹಾಕಬೇಕು. ಆದರೆ ಅದು ಬಾಯಿ ಎಷ್ಟು ಅಗಲ ತೆರೆಯುತ್ತಿತ್ತೆಂದರೆ, ಎದುರಿಗೆ ಕೂತವರ ಒಂದು ಕಣ್ಣು ಚೊಕ್ಕವಾಗಿ ಬಿದ್ದರೆ ಇನ್ನೊಂದು ಕಣ್ಣು ಅಷ್ಟರಲ್ಲೇ ತೂಕಡಿಸುತ್ತಿರುವಂತೆ ಕಾಣುತ್ತಿತ್ತು. ಕಿವಿಯ ಹೊತ್ತಿಗೆ ಮಂಜು ಕವಿಯುತ್ತಿತ್ತು. ಅದರಾಚೆಯ ಗೋಡೆ, ಗಿಡ, ನೆಂಟರು, ಎಲ್ಲವೂ ಬಿಸಿ ಬಾಣಲೆಗೆ ಬಿದ್ದ ಬೆಣ್ಣೆ. ಬಲ್ಲವರು ಈ ಮಸುಕಿಗೆ ‘ಬೊಕೆ’ ಎನ್ನುತ್ತಾರೆ. ಅದರಲ್ಲಿ ಜಾತಿವಂತ ಮಸುಕು ಬೇರೆ, ಬೀದಿ ಮಸುಕು ಬೇರೆ. ದೂರದ ದೀಪಗಳು ಹುಣ್ಣಿಮೆಯ ಚಂದ್ರನಂತೆ ದುಂಡಗೆ, ಅಂಚು ಸವೆದ ಹಾಗೆ ಬಿದ್ದರೆ ಅದು ಜಾತಿವಂತ. ಒಳಗೆ ಈರುಳ್ಳಿ ಹೆಚ್ಚಿಟ್ಟಂತೆ ಉಂಗುರಗಳು ಕಂಡರೆ ಆ ಲೆನ್ಸನ್ನು ಸಭ್ಯರು ಮನೆಗೆ ಸೇರಿಸುವುದಿಲ್ಲ. ಅಳಿಯನ ಲೆನ್ಸಿನ ಮಸುಕಿಗೆ ಫೋಟೊ ಕ್ಲಬ್ಬಿನಲ್ಲಿ ಎರಡು ಸಲ ಬಹುಮಾನ ಬಂದಿತ್ತು. ಆ ಚಿತ್ರಗಳಲ್ಲಿ ಮುಂದೆ ಯಾರು ಕೂತಿದ್ದರೆಂಬುದು ಈಗ ತೀರ್ಪುಗಾರರಿಗೂ ನೆನಪಿಲ್ಲ.

ಬಾಯಿ ಸ್ವಲ್ಪ ಕಿರಿದು ಮಾಡಿದರೆ ಹಿಂದೆ ನಿಂತವರೂ ಕಾಣುತ್ತಾರಲ್ಲ ಎಂದು ಯಾರಾದರೂ ಹೇಳಿದರೆ ಅವನು ನೊಂದುಕೊಳ್ಳುತ್ತಿದ್ದ. ಅರಮನೆಯ ಬಾಗಿಲಿಟ್ಟುಕೊಂಡು ಗವಾಕ್ಷಿಯಲ್ಲಿ ನುಸುಳು ಎಂದ ಹಾಗಾಯಿತು. ಹೆಂಡತಿ ಆ ಲೆನ್ಸನ್ನು ‘ನನ್ನ ಸವತಿ’ ಎನ್ನುತ್ತಿದ್ದಳು. ಅಳಿಯಂದಿರ ಫೋಟೊದಲ್ಲಿ ನನ್ನದು ಅಂತ ಗುರುತು ಹಿಡಿಯೋಕೆ ಸಿಗೋದು ಮೂಗೊಂದೇ ಎಂದು ಅತ್ತೆ ಬಂದವರೆದುರೆಲ್ಲ ಹೇಳುತ್ತಿದ್ದರು.

ಮಾವ ಒಬ್ಬರೇ ಏನೂ ಹೇಳುತ್ತಿರಲಿಲ್ಲ.

ಮಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಮಾತು ಅವರಿಗೆ ಸರ್ಕಾರದ ಸ್ವತ್ತು. ಖರ್ಚು ಮಾಡಿದರೆ ಮೇಲಿನವರಿಗೆ ಲೆಕ್ಕ ಕೊಡಬೇಕೇನೋ ಎಂಬಂತೆ ಇರುತ್ತಿದ್ದರು. ಅಳಿಯ ಲೆನ್ಸು ತಂದ ದಿನ ಅದರ ಬೆಲೆ ಕೇಳಿ ಮನೆಯೆಲ್ಲ ರಣರಂಗವಾದಾಗ ಅವರು ಪೇಪರಿನ ಮೇಲಿಂದ ಒಮ್ಮೆ ನೋಡಿ ಮತ್ತೆ ಪೇಪರಿಗೆ ಹೋಗಿದ್ದರು. ಮೌನವೇ ಸಮ್ಮತಿ ಎಂದು ಅಳಿಯ ಅಂದೇ ತೀರ್ಮಾನಿಸಿದ. ಅದು ಬರಬರುತ್ತಾ ಪ್ರೀತಿಯಾಗಿ ಬೆಳೆಯಿತು. ಮನೆಯ ಯಾವ ಸಮಾರಂಭದಲ್ಲೂ ಮಾವ ಮುಂದೆ ಬರದೆ ಹಿಂದೆ ಬಾಗಿಲ ಬಳಿ ನಿಲ್ಲುತ್ತಿದ್ದರು, ಅವನು ಕ್ಯಾಮೆರಾ ಎತ್ತಿದಾಗಲೆಲ್ಲ ಅವನತ್ತಲೇ ನೋಡುತ್ತಿದ್ದರು. ಆ ದೂರದ ಮಸುಕಿನಲ್ಲಿ ಅವರ ಮುಖದ ಮೇಲೊಂದು ಮಂದಹಾಸ ಇರುತ್ತಿತ್ತೆಂದು ಅಳಿಯನಿಗೆ ಖಾತ್ರಿಯಿತ್ತು. ಆ ಮನೆಯಲ್ಲಿ ನನ್ನ ಕಡೆಯವರೆಂದರೆ ಅವರೊಬ್ಬರೇ ಎಂದು ಅವನು ಕ್ಲಬ್ಬಿನಲ್ಲಿ ಹೇಳಿಕೊಂಡದ್ದೂ ಉಂಟು. ಮಾವ ಹೋದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವನು ಅವನೇ.

ಮಾವ ಹೋಗಿ ವಾರವಾದ ದಿನ ಸಾಯಂಕಾಲ ಅವರ ನೆನಪಿಗೆ ನಾಲ್ಕು ಜನ ಸೇರುವುದಿತ್ತು. ಬೆಳಗ್ಗೆ ಅತ್ತೆ ಸ್ಟುಡಿಯೊಗೆ ಇಳಿದು ಬಂದು, ಇವರದೊಂದು ಒಳ್ಳೇ ಫೋಟೊ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ತನ್ನಿ ಎಂದರು. ಮನೆಯಲ್ಲೇ ಫೋಟೊಗ್ರಾಫರ್ ಇರುವಾಗ ಅದೊಂದು ಚಿಂತೆಯಿಲ್ಲವಲ್ಲ ಎಂದು ಸಮಾಧಾನವನ್ನೂ ಹೇಳಿಕೊಂಡರು.

ಅಳಿಯ ಕಂಪ್ಯೂಟರ್ ತೆರೆದ. ಮದುವೆಗಳು, ಹುಟ್ಟಿದ ದಿನಗಳು, ಮನೆಗೆ ಸುಣ್ಣ ಹೊಡೆಸಿದ ಸಂಭ್ರಮ. ಮಾವ ಎಲ್ಲದರಲ್ಲೂ ಇದ್ದರು. ಹುಟ್ಟಿದ ದಿನದ ಚಿತ್ರದಲ್ಲಿ ಕೇಕಿನ ಹಿಂದೆ ಒಂದು ಕಂದು ಬಣ್ಣದ ಮೋಡವಾಗಿ ಇದ್ದರು. ಭಾವಮೈದನ ಮದುವೆಯಲ್ಲಿ ಮದುಮಗಳ ಕಿವಿಯ ಪಕ್ಕ ಉದ್ದನೆಯ ಬೂದು ಕಲೆಯಾಗಿ ಇದ್ದರು. ಇನ್ನೊಂದರಲ್ಲಿ ಅವರು ಮಾವನೋ ಪರದೆಯೋ ಎಂದು ಹೇಳುವುದು ಕಷ್ಟವಿತ್ತು. ದೊಡ್ಡದು ಮಾಡಿದಷ್ಟೂ ಅವರು ಕರಗುತ್ತಾ ಹೋದರು. ಮಸುಕು ಮಾತ್ರ ಎಲ್ಲೂ ಕೆಟ್ಟಿರಲಿಲ್ಲ. ಎಂಥ ನಯ, ಎಂಥ ಹದ. ಆ ಗಳಿಗೆಯಲ್ಲೂ ಅದು ಅಳಿಯನ ಕಣ್ಣಿಗೆ ಬಿತ್ತು, ಬಿದ್ದದ್ದಕ್ಕೆ ನಾಚಿಕೆಯೂ ಆಯಿತು.

ವಿಷಯ ಮೇಲಿನ ಮನೆಗೆ ತಲುಪಲು ತಡವಾಗಲಿಲ್ಲ. ಭಾವಮೈದ ತನ್ನ ಫೋನು ಹುಡುಕಿದ. ಮನೆಯಲ್ಲಿ ಫೋಟೊಗ್ರಾಫರ್ ಇದ್ದಾನೆಂಬ ಧೈರ್ಯದಲ್ಲಿ ಯಾರೂ ಮಾವನ ಫೋಟೊ ಹಿಡಿದಿರಲಿಲ್ಲ. ಸಿಕ್ಕಿದ್ದು ಭಾವಮೈದನದೇ ಮುಖದ ಹಿಂದೆ ಮಾವನ ಒಂದು ಮೊಣಕೈ. ಪಿಂಚಣಿ ಕಾರ್ಡಿನಲ್ಲೊಂದು ಫೋಟೊ ಇತ್ತು. ಅದನ್ನು ತೆಗೆಸಲು ಮಾವ ಕೆಳಗಿನ ಸ್ಟುಡಿಯೊ ಬಿಟ್ಟು ಎರಡು ಬಸ್ಸು ಬದಲಿಸಿ ಬೇರೆ ಕಡೆ ಹೋಗಿ ಬಂದಿದ್ದರು. ನನಗೆ ತೊಂದರೆ ಕೊಡಬಾರದೆಂಬ ದೊಡ್ಡ ಮನಸ್ಸು ಎಂದು ಅಳಿಯ ಆಗ ಕರಗಿ ಹೋಗಿದ್ದ. ಆ ಫೋಟೊದಲ್ಲಿ ಅರ್ಧ ಗಲ್ಲವನ್ನು ಇಲಾಖೆಯ ಮೊಹರು ತಿಂದಿತ್ತು, ತೆಗೆದ ಸ್ಟುಡಿಯೊ ಈಗ ಚಪ್ಪಲಿ ಅಂಗಡಿಯಾಗಿತ್ತು. ಕೊನೆಗೆ ಅತ್ತೆಯ ಪೆಟ್ಟಿಗೆಯಿಂದ ಅವರ ಮದುವೆಯ ಫೋಟೊ ಹೊರಬಂತು. ಅದರಲ್ಲಿ ಚಿಗುರು ಮೀಸೆಯ ಹುಡುಗನೊಬ್ಬ ಹೆದರಿಕೊಂಡು ನಿಂತಿದ್ದ.

“ಇದನ್ನಿಟ್ರೆ ಬಂದವರು ನನ್ನ ಗಂಡ ಹೋದ ಅಂದ್ಕೊಳ್ಳಲ್ಲ, ಮೊಮ್ಮಗ ಹೋದ ಅಂತ ಅಳ್ತಾರೆ” ಎಂದು ಅತ್ತೆ ಅದನ್ನು ಮತ್ತೆ ಪೆಟ್ಟಿಗೆಗೆ ಹಾಕಿದರು.

ಬ್ಯಾಂಕಿನಲ್ಲಿ ಕೆಲಸ ಮಾಡುವ ಭಾವಮೈದ ಯಾವ ಕಷ್ಟಕ್ಕೂ ಫೋನಿನಲ್ಲಿ ಮದ್ದಿದೆಯೆಂದು ನಂಬಿದವನು. ಮಸುಕಾದ ಮುಖವನ್ನು ಚೊಕ್ಕ ಮಾಡಿಕೊಡುವ ಒಂದು ಆ್ಯಪಿಗೆ ಆ ಕಂದು ಮೋಡವನ್ನು ಉಣಿಸಿದ. ಅದು ಸ್ವಲ್ಪ ಹೊತ್ತು ಗಿರಕಿ ಹೊಡೆದು, ಯಾರೋ ಒಬ್ಬ ಸುಂದರ ಪುರುಷನನ್ನು ಹೊರಗೆ ಹಾಕಿತು. ಆತ ಮೂವತ್ತೆರಡು ಹಲ್ಲೂ ಬಿಟ್ಟುಕೊಂಡು ನಗುತ್ತಿದ್ದ. ಮಾವನಿಗೆ ಕೊನೆಗಾಲದಲ್ಲಿ ಹಲ್ಲು ಉಳಿದಿದ್ದದ್ದೇ ಕೆಲವು, ಅವನ್ನೂ ಅವರು ಯಾರಿಗೂ ತೋರಿಸಿದವರಲ್ಲ. ಎರಡನೆಯ ಸಲ ಉಣಿಸಿದಾಗ ಆ್ಯಪು ಮಾವ ಹೆಂಗಸೆಂದು ತೀರ್ಮಾನಿಸಿ ಕಿವಿಗೆ ಓಲೆ ಹಾಕಿತು.

ಅಷ್ಟು ಹೊತ್ತಿಗೆ ಎದುರಿನ ದಿನಸಿ ಅಂಗಡಿಯವನು, ಗಿರಾಕಿಗಳನ್ನು ಅವರ ಪಾಡಿಗೆ ಬಿಟ್ಟು, ಮೇಲೆ ಬಂದು ಕೂತಿದ್ದ. ಯಾರ ಮನೆಯ ಬೆಂಕಿಗಾದರೂ ನೀರೋ ಎಣ್ಣೆಯೋ ಏನಾದರೊಂದನ್ನು ತಂದು ಸುರಿಯದಿದ್ದರೆ ಅವನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಓಲೆ ಹಾಕಿದ ಚಿತ್ರವನ್ನು ಅವನು ಬಹಳ ಹೊತ್ತು ನೋಡಿದ. ಓಲೆ ಬಿಟ್ಟರೆ ಸಾಹೇಬರ ಅಕ್ಕನ ಹೋಲಿಕೆ ಇದೆ ಎಂದ. ಸಾಹೇಬರಿಗೆ ಅಕ್ಕ ಇರಲಿಲ್ಲ. ಹಾಗಾದರೆ ಅವರು ಕೂರುತ್ತಿದ್ದ ಖಾಲಿ ಕುರ್ಚಿಯ ಫೋಟೊ ಹಾಕಿ, ನೋಡಿದವರ ಕರುಳು ಕಿತ್ತು ಬರುತ್ತೆ ಎಂದು ಇನ್ನೊಂದು ದಾರಿ ತೋರಿಸಿದ. ಕುರ್ಚಿಯ ಹಿಂದೆ ಕಿಟಕಿಯಿದೆ, ಬೆಳಕು ಚೆನ್ನಾಗಿ ಕರಗುತ್ತದೆ ಎಂದು ಅಳಿಯನ ಮನಸ್ಸು ಒಂದು ಕ್ಷಣ ಅತ್ತ ವಾಲಿತು. ಹೆಂಡತಿಯ ಮುಖ ನೋಡಿ ನೆಟ್ಟಗಾಯಿತು.

ಅವಳು ಎದ್ದು ಅವನನ್ನು ಮೆಟ್ಟಿಲ ಬಳಿಗೆ ಕರೆದುಕೊಂಡು ಹೋದಳು.

“ನಿನ್ನೆಯಿಂದ ಅಪ್ಪನ ಮುಖ ಮನಸ್ಸಿಗೆ ಬರ್ತಾ ಇಲ್ಲ ರೀ” ಎಂದಳು. “ಧ್ವನಿ ಬರತ್ತೆ, ಚಪ್ಪಲಿ ಸದ್ದು ಬರತ್ತೆ. ಮುಖ ಅಂದ್ರೆ ನಿಮ್ಮ ಫೋಟೊದಲ್ಲಿದ್ದ ಹಾಗೇ ಕಾಣತ್ತೆ. ಮೋಡದ ಹಾಗೆ.”

ಅಳಿಯ ಕೆಳಗಿನ ಸ್ಟುಡಿಯೊದ ಬಾಗಿಲ ಕಡೆ ನೋಡಿದ.

“ಸಾಯಂಕಾಲದೊಳಗೆ ನಂಗೆ ಅಪ್ಪನ ಮುಖ ತಂದುಕೊಡಿ. ಇಲ್ದಿದ್ರೆ ಆ ಲೆನ್ಸು ಈ ಮನೇಲಿರಲ್ಲ. ಅದರ ಜೊತೆ ನೀವೂ ಹೋಗ್ತೀರೋ ಇಲ್ವೋ, ಯೋಚ್ನೆ ಮಾಡ್ಕೊಳ್ಳಿ.”

ಅವಳು ಕೂಗಾಡಿದ್ದರೆ ಅವನು ಇಷ್ಟು ಹೆದರುತ್ತಿರಲಿಲ್ಲ.

ಅಳಿಯ ಸ್ಟುಡಿಯೊದ ಬಾಗಿಲೆಳೆದುಕೊಂಡು ತಲೆಯ ಮೇಲೆ ಕೈಹೊತ್ತು ಕೂತ. ಇಂಥ ಲೆನ್ಸಿಗೆ ಒಂದು ಕೆಟ್ಟ ಚಾಳಿಯಿದೆ. ಗುರಿ ಕೂದಲೆಳೆಯಷ್ಟು ತಪ್ಪಿದರೂ ಸಾಕು, ಮುಂದೆ ಕೂತವರನ್ನು ಬಿಟ್ಟು ಹಿಂದಿನ ಯಾರನ್ನೋ ಹೋಗಿ ಹಿಡಿಯುತ್ತದೆ. ಮುಂದಿನವರು ಹೊಗೆ, ಹಿಂದಿನವರು ಕಲ್ಲಿನಲ್ಲಿ ಕೊರೆದಷ್ಟು ಸ್ಪಷ್ಟ. ಅಂದರೆ ಅವನು ಕೆಡಿಸಿದ ಪ್ರತಿಯೊಂದು ಚಿತ್ರದಲ್ಲೂ ಮಾವ ಚೆನ್ನಾಗಿ ಬಂದಿರಲೇಬೇಕು. ಆದರೆ ತಪ್ಪಿದ ಚಿತ್ರವನ್ನು ಒಂದು ದಿನವೂ ಇಟ್ಟುಕೊಳ್ಳದೆ ಅಳಿಸಿ ಹಾಕುವುದು ಅವನ ನೇಮ. ಎಷ್ಟು ವರ್ಷ, ಎಷ್ಟು ಶ್ರದ್ಧೆಯಿಂದ ಅವನು ಮಾವನನ್ನು ಅಳಿಸುತ್ತಾ ಬಂದಿದ್ದನೆಂಬುದು ಅವನಿಗೆ ಈಗ ಹೊಳೆಯಿತು.

ಆಗ ಹಲ್ಲಿನ ಡಾಕ್ಟರು ನೆನಪಾದರು.

ಹಲ್ಲಿನ ಡಾಕ್ಟರು ಫೋಟೊ ಕ್ಲಬ್ಬಿನ ಕಾರ್ಯದರ್ಶಿ. ಹೊಸದಾಗಿ ಸೇರಿದವರಿಗೆ ಪ್ರತಿ ವರ್ಷ ‘ಹೀಗೆ ಮಾಡಬೇಡಿ’ ಎಂಬ ಉಪನ್ಯಾಸ ಕೊಡುತ್ತಿದ್ದರು. ಅದಕ್ಕೆ ಕೆಟ್ಟ ಚಿತ್ರಗಳು ಬೇಕಿತ್ತು. ಕ್ಲಬ್ಬಿನಲ್ಲಿ ಯಾರೂ ತಾವು ಕೆಟ್ಟ ಚಿತ್ರ ತೆಗೆದದ್ದುಂಟೆಂದು ಒಪ್ಪಿಕೊಳ್ಳದ ಕಾರಣ, ಅಳಿಯ ಉದಾರಿಯಾಗಿ ತನ್ನದೊಂದನ್ನು ಕೊಟ್ಟಿದ್ದ. ಅದು ನಾದಿನಿಯ ಮದುವೆಯದು. ಗಂಡು ಹೆಣ್ಣು ಎರಡು ದೆವ್ವಗಳಂತೆ ಹೊಗೆಯಾಡುತ್ತಿದ್ದ ಚಿತ್ರ. ಹಿಂದೆ ಯಾರಿದ್ದರು? ಆಗ ಯಾರು ನೋಡಿದ್ದರು.

ಅವನು ಓಡಿ ಹೋದಾಗ ಡಾಕ್ಟರ ಕೈ ಯಾರದೋ ಬಾಯೊಳಗಿತ್ತು. ಅಳಿಯನ ಕತೆಯನ್ನು ಅವರು ಕೈ ತೆಗೆಯದೆಯೇ ಕೇಳಿದರು. ಮಾವನವರು ಹೋದದ್ದಕ್ಕೆ ಮರುಗಿ, ಅದೇ ಉಸಿರಿನಲ್ಲಿ ಆ ಚಿತ್ರದಿಂದ ಎಷ್ಟು ಹುಡುಗರು ತಿದ್ದಿಕೊಂಡಿದ್ದಾರೆಂಬುದನ್ನು ವಿವರಿಸತೊಡಗಿದರು. ಕುರ್ಚಿಯಲ್ಲಿ ಮಲಗಿದ್ದ ರೋಗಿ ಏನೋ ಹೇಳಲು ಹೋದ. ನೀವು ಸುಮ್ಮನಿರಿ, ಸಾವಿನ ಮನೆಯ ವಿಷಯ ಎಂದು ಡಾಕ್ಟರು ಅವನ ಬಾಯಿ ಇನ್ನಷ್ಟು ಅಗಲಿಸಿದರು. ಅಂತೂ ಆ ಹಲ್ಲು ಕಿತ್ತು ಬಂದ ಮೇಲೆ, ಎಕ್ಸ್‌ರೇ ನೋಡುವ ಕಂಪ್ಯೂಟರಿನಲ್ಲಿ ಉಪನ್ಯಾಸ ತೆರೆದರು.

ಎರಡು ದೆವ್ವಗಳ ನಡುವೆ, ಬಾಗಿಲ ಪಕ್ಕದಲ್ಲಿ, ಮಾವ ನಿಂತಿದ್ದರು.

ಅಳಿಯ ಆ ಜಾಗವನ್ನು ದೊಡ್ಡದು ಮಾಡಿದ. ಹುಬ್ಬಿನ ಒಂದೊಂದು ಕೂದಲೂ ಬೇರೆ ಬೇರೆಯಾಗಿ ಕಂಡಿತು. ಕನ್ನಡಕದ ಕಡ್ಡಿಯ ಮೇಲಿನ ಗೀರು, ಗಲ್ಲದ ಮೇಲೆ ಬೆಳಗ್ಗೆ ಕ್ಷೌರದಲ್ಲಿ ತಪ್ಪಿಸಿಕೊಂಡಿದ್ದ ನಾಲ್ಕು ಬಿಳಿ ಕೂದಲು. ಇಷ್ಟು ಸ್ಪಷ್ಟವಾದ ಚಿತ್ರವನ್ನು ಅವನು ಜನ್ಮದಲ್ಲಿ ತೆಗೆದಿರಲಿಲ್ಲ. ಫೋಟೊಗ್ರಾಫರು ಮುಖ ನೋಡುವ ಕ್ರಮವೇ ಬೇರೆ. ಅವರು ರೆಪ್ಪೆ ನೋಡುತ್ತಾರೆ, ಚರ್ಮದ ರಂಧ್ರ ನೋಡುತ್ತಾರೆ, ಎಲ್ಲ ಸರಿಯಿದ್ದರೆ ತೃಪ್ತರಾಗಿ ಎದ್ದು ಹೋಗುತ್ತಾರೆ. ಅಳಿಯನೂ ರೆಪ್ಪೆ ನೋಡಿದ, ರಂಧ್ರ ನೋಡಿದ, ಡಾಕ್ಟರನ್ನು ಅಪ್ಪಿಕೊಂಡು ಅತ್ತುಬಿಟ್ಟ. ಹಲ್ಲು ಕಳೆದುಕೊಂಡವನು ಹತ್ತಿ ಕಚ್ಚಿಕೊಂಡು ಇಬ್ಬರನ್ನೂ ನೋಡುತ್ತಾ ಕೂತಿದ್ದ.

ಪ್ರಿಂಟು ಹಾಕಿಸಿ ಕಟ್ಟಿನ ಅಂಗಡಿಗೆ ಹೋಗುವಷ್ಟರಲ್ಲಿ ಹೊತ್ತು ಇಳಿದಿತ್ತು. ಕಟ್ಟಿನವನು ಚಿತ್ರವನ್ನು ಮೇಜಿನ ಮೇಲಿಟ್ಟು ಅಳತೆ ತೆಗೆದ, ತಪ್ಪಿದ. ಮತ್ತೆ ತೆಗೆದ, ಮತ್ತೆ ತಪ್ಪಿದ. ಕಟ್ಟಿಗೆಯನ್ನು ಗಿಡ್ಡ ಕತ್ತರಿಸಿ ಒಂದು ಪಟ್ಟಿ ಹಾಳು ಮಾಡಿದ. ಕೊನೆಗೆ ಚಿತ್ರವನ್ನು ಬೋರಲು ಹಾಕಿ ಕೆಲಸ ಶುರುಮಾಡಿದ. ಯಾಕಪ್ಪಾ ಎಂದರೆ, ಹಿರೀಕರು ನೋಡ್ತಾ ಇದ್ರೆ ಕೈ ಓಡ್ತಾ ಇಲ್ಲ ಸಾರ್ ಎಂದ. ಚಿತ್ರ ಅಷ್ಟು ಜೀವಂತವಾಗಿ ಬಂದಿದೆಯೆಂದು ಅಳಿಯ ಹಿಗ್ಗಿದ. ಬೋರಲಾಗಿದ್ದ ಚಿತ್ರಕ್ಕೆ ಹಿಂದಿನಿಂದಲೇ ಕಟ್ಟು ಬಿತ್ತು, ಕಂದು ಕಾಗದ ಸುತ್ತಿತು.

ಮನೆ ತಲುಪಿದಾಗ ನಡುಮನೆ ತುಂಬಿತ್ತು. ಮಾವನ ಜೊತೆ ಕೆಲಸ ಮಾಡಿದವರು, ಬೀದಿಯವರು, ನೆಂಟರು. ಕ್ಲಬ್ಬಿನ ಕಡೆಯಿಂದ ಹಲ್ಲಿನ ಡಾಕ್ಟರು. ಎಲ್ಲರೂ ಖಾಲಿ ಮೇಜನ್ನು ನೋಡುತ್ತಾ, ಚಹಾ ಕುಡಿಯುತ್ತಾ, ಫೋಟೊಗ್ರಾಫರನ ಮನೆಯಲ್ಲೇ ಹೀಗಾಯಿತಲ್ಲ ಎಂದು ಮರುಗುವ ಸುಖದಲ್ಲಿದ್ದರು. ಅಳಿಯ ಯಾರನ್ನೂ ಮಾತಾಡಿಸದೆ ಮೇಜಿನ ಬಳಿ ಹೋಗಿ, ಕಾಗದ ಹರಿದು, ಚಿತ್ರವನ್ನು ಗೋಡೆಗೊರಗಿಸಿ ನಿಲ್ಲಿಸಿ ಪಕ್ಕಕ್ಕೆ ಸರಿದ.

ಮುಂದಿನ ಸಾಲಿನಲ್ಲಿದ್ದವನೊಬ್ಬ ಕಾಲ ಮೇಲೆ ಹಾಕಿದ್ದ ಕಾಲು ಇಳಿಸಿದ.

“ಅಪ್ಪ” ಎಂದಳು ಹೆಂಡತಿ. ವಾರದಿಂದ ಒಣಗಿದ ಕಣ್ಣಿನಲ್ಲಿ ತಿರುಗುತ್ತಿದ್ದವಳು ಅಲ್ಲೇ ಕುಸಿದು ಕೂತು, ಬಿಕ್ಕಿ ಬಿಕ್ಕಿ ಅತ್ತಳು. ಭಾವಮೈದ ಫೋನನ್ನು ಜೇಬಿಗೆ ಹಾಕಿದ. ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡು, ಇವರೇ, ಇದೇ ಇವರು ಎಂದರು. ಅಳಿಯನ ಎದೆ ತುಂಬಿ ಬಂತು. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಮನೆಯ ಜನ ಅವನ ಚಿತ್ರವೊಂದನ್ನು ನೋಡಿ ಅತ್ತಿದ್ದರು, ಅದೂ ಸರಿಯಾದ ಕಾರಣಕ್ಕೆ.

ದಿನಸಿ ಅಂಗಡಿಯವನು ಎದ್ದು ಹತ್ತಿರ ಹೋಗಿ ನೋಡಿದ. ಒಂದು ಹೆಜ್ಜೆ ಹಿಂದೆ ಸರಿದ.

“ಈ ನೋಟ ನಂಗೆ ಗೊತ್ತು” ಎಂದ. “ಎಳೇ ವಯಸ್ಸಲ್ಲಿ, ಬುದ್ಧಿ ಇರ್ಲಿಲ್ಲ, ನನ್ನ ತಕ್ಕಡಿ ಕಲ್ಲಿನ ತಳ ಕೊರೆಸಿ ಇಟ್ಟಿದ್ದೆ. ಸಾಹೇಬ್ರು ಆ ಕಲ್ಲನ್ನ ತಿರುಗಿಸಿ ನೋಡಿ, ಆಮೇಲೆ ನನ್ನ ನೋಡಿದ್ರು. ಹೀಗೇ. ಒಂದು ಮಾತು ಆಡಲಿಲ್ಲ. ನಂಗೆ ಎರಡು ದಿನ ಜ್ವರ.”

ಇಲಾಖೆಯ ಹಳಬರು ತಲೆಯಾಡಿಸಿದರು. ಹೌದು, ಖೋಟಾ ತೂಕ ಸಿಕ್ಕಾಗ ಸಾಹೇಬರ ಮುಖ ಹೀಗೇ ಆಗುತ್ತಿತ್ತು ಎಂದರು. ಒಬ್ಬರಂತೂ ಆ ಮುಖದ ಹೆದರಿಕೆಗೇ ಅರ್ಧ ಊರು ಸರಿಯಾಗಿ ತೂಗುತ್ತಿತ್ತೆಂದು ನೆನೆದರು.

ಅಳಿಯ ಆಗ ಮೊದಲ ಸಲ ಮಾವನ ಮುಖ ನೋಡಿದ. ರೆಪ್ಪೆಯಲ್ಲ, ರಂಧ್ರವಲ್ಲ, ಮುಖ. ತುಟಿಗಳು ಒಂದರ ಮೇಲೊಂದು ಬಿಗಿದು ಗೆರೆಯಾಗಿದ್ದವು. ಒಂದು ಹುಬ್ಬು ಸ್ವಲ್ಪ ಮೇಲೆದ್ದಿತ್ತು. ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ವಾಸಿಯಿತ್ತು. ಇದ್ದದ್ದು ತೂಗಿ ನೋಡಿ ಮುಗಿಸಿದ ಮೇಲಿನ ತಿರಸ್ಕಾರ. ಮಂದಹಾಸವನ್ನು ಅವನು ತುಟಿಯ ಮೂಲೆಗಳಲ್ಲೆಲ್ಲ ಹುಡುಕಿದ.

“ಇಂಥಾ ಶುಭಕಾರ್ಯದಲ್ಲಿ ಯಾರನ್ನ ಹಾಗೆ ನೋಡ್ತಿದ್ರೋ ಪಾಪ” ಎಂದ ದಿನಸಿಯವನು. ಹಲ್ಲಿನ ಡಾಕ್ಟರು, ಕ್ಲಬ್ಬಿನ ಕಾರ್ಯದರ್ಶಿಯ ನೆಲೆಯಿಂದ, ಕಣ್ಣಿನ ಪಾಪೆ ನಡುವಿನಲ್ಲಿ ಕೂತಿರುವುದರಿಂದ ಅವರು ನೇರ ಲೆನ್ಸಿನೊಳಕ್ಕೇ ನೋಡುತ್ತಿದ್ದರೆಂದು ಬೆರಳಿಟ್ಟು ತೋರಿಸಿದರು. ಲೆನ್ಸಿನ ಹಿಂದೆ ಯಾರಿರುತ್ತಾರೆಂದು ಯೋಚಿಸಲು ಜನಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ತಲೆಗಳು ಒಂದೊಂದಾಗಿ ತಿರುಗಿದವು.

“ಬೆಳಕು ಕಣ್ಣಿಗೆ ಹೊಡೆದಿರಬೇಕು” ಎಂದ ಅಳಿಯ. “ಎದುರು ಬೆಳಕಿಗೆ ಮುಖ ಹಾಗಾಗತ್ತೆ.”

ಅತ್ತೆ ಕಣ್ಣೊರೆಸಿಕೊಂಡು ಅವನ ಕಡೆ ನೋಡಿದರು. ಅವರ ಧ್ವನಿಯಲ್ಲಿ ಕೊಂಕೇನೂ ಇರಲಿಲ್ಲ. ಹೊತ್ತೆಷ್ಟಾಯಿತೆಂದು ಕೇಳಿದವರಿಗೆ ಹೇಳುವಂತೆ ಹೇಳಿದರು.

“ಬೆಳಕಲ್ಲ ಅಳಿಯಂದ್ರೇ. ನಿಮ್ಮನ್ನ ಅವರು ಯಾವತ್ತೂ ಹಾಗೇ ನೋಡ್ತಿದ್ದದ್ದು. ನಿಮಗೆ ಕಾಣ್ತಿರ್ಲಿಲ್ವಾ?”

ಉತ್ತರ ಬೇರೆಯವರಿಂದ ಬಂತು. ಪಿಂಚಣಿ ಕಾರ್ಡಿನ ಫೋಟೊಗೆ ಎರಡು ಬಸ್ಸು ಹಿಡಿದು ಹೋಗಬೇಕಾದರೆ, ಆ ಮಸುಕಪ್ಪನ ಮುಂದೆ ಕೂತರೆ ಪಿಂಚಣಿಯೂ ಮಸುಕಾಗುತ್ತೆ ಎಂದು ಅಪ್ಪ ಅಂದಿದ್ದರೆಂದು ಭಾವಮೈದ ನೆನಪಿಸಿಕೊಂಡ. ಅಪ್ಪ ಆಡಿದ್ದೇ ಕೆಲವು ಮಾತು, ಅದರಲ್ಲಿ ಇದೊಂದು ಎಂದು ಅವನ ಕಣ್ಣೂ ತುಂಬಿತು.

ಹೆಂಡತಿ ಎದ್ದು ಬಂದು ಗಂಡನ ಕೈ ಹಿಡಿದುಕೊಂಡಳು. ಈಗ ಕಣ್ಣು ಮುಚ್ಚಿದರೂ ಅಪ್ಪನ ಮುಖ ಕಾಣುತ್ತಿದೆ ಎಂದಳು. ನೀವು ತೆಗೆದ ಒಂದೇ ಒಂದು ಒಳ್ಳೇ ಫೋಟೊ ಎಂದಳು. ಸವತಿ ಮನೆಯಲ್ಲೇ ಇರಲಿ, ಇನ್ನು ನಾನು ಏನೂ ಅನ್ನಲ್ಲ ಎಂದು ಅಷ್ಟು ಜನರ ಮುಂದೆ ಮಾತು ಕೊಟ್ಟಳು. ನಾದಿನಿ ತನ್ನ ಮನೆಗೊಂದು ಪ್ರತಿ ಬೇಕೆಂದಳು. ಭಾವಮೈದನಿಗೊಂದು, ಇಲಾಖೆಯ ಹಳಬರ ಸಂಘಕ್ಕೊಂದು. ದಿನಸಿಯವನು ಮಾತ್ರ ಸ್ವಲ್ಪ ಯೋಚಿಸಿ, ಬೇಡ ಎಂದ.

ಜನ ಹೋದ ಮೇಲೆ ಅಳಿಯ, ಚಿತ್ರ ತುಸು ಹೆಚ್ಚೇ ಗಡುಸಾಗಿದೆ, ಬೇಕಾದರೆ ಕಣ್ಣಿನ ಹತ್ತಿರ ಒಂಚೂರು ಮೃದು ಮಾಡಿ ಬೇರೆ ಪ್ರಿಂಟು ಹಾಕಿಸುತ್ತೇನೆ ಎಂದು ಹೇಳಿ ನೋಡಿದ. ಹೆಂಡತಿ ಅವನ ಕೈ ಬಿಟ್ಟಳು. ಅವನು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಮಾರನೆಯ ದಿನ ಮಾವನನ್ನು ಊಟದ ಕೋಣೆಯ ಗೋಡೆಗೆ ಹಾಕಿದರು. ಲೆನ್ಸಿನೊಳಕ್ಕೆ ನೇರ ನೋಡಿದ ಕಣ್ಣು ಕೋಣೆಯ ಯಾವ ಮೂಲೆಯಲ್ಲಿ ಕೂತವನನ್ನೂ ಬಿಡುವುದಿಲ್ಲ. ಅಳಿಯ ಎಲ್ಲ ಕುರ್ಚಿಗಳಲ್ಲೂ ಕೂತು ನೋಡಿದ. ಈಗ ಅವನು ಅಡುಗೆಮನೆಯಲ್ಲಿ ನಿಂತುಕೊಂಡು ಊಟ ಮಾಡುತ್ತಾನೆ.